ಮಾವನ ಟೆನ್ಷನ್ನು, ಕೊಟ್ಟಿಗೆಯ ಉಪ್ಪು

ನಮ್ಮ ಮನೆಗೆ ಟೆನ್ಷನ್ ಬಂದದ್ದು ತಿಪಟೂರಿನಿಂದ, ಮಧ್ಯಾಹ್ನದ ಬಸ್ಸಿನಲ್ಲಿ. ತಂದವರು ನಮ್ಮ ಮಾವ, ನನ್ನ ಗಂಡನ ತಂದೆ. ಕೊಬ್ಬರಿ ಮಂಡಿಗೆಂದು ಹೋದವರಿಗೆ ಅಲ್ಲಿ ತಲೆ ಸುತ್ತಿ ಬಂದು, ಯಾರೋ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರಂತೆ. ಬಸ್ಸಿಳಿದು ಬಂದವರು ಜಗುಲಿಯ ಮೇಲೆ ಕೂತು, ಟವಲಿನಿಂದ ಗಾಳಿ ಹಾಕಿಕೊಳ್ಳುತ್ತಾ, "ನಂಗೆ ಟೆನ್ಷನ್ ಐತಂತೆ" ಅಂದರು. ಹೊಸ ಜೋಡಿ ಎತ್ತು ಹೊಡೆದುಕೊಂಡು ಬಂದವರು ಹೇಳುವ ಹಾಗಿತ್ತು ಆ ಧಾಟಿ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ನಾನು ಮಾಯಸಂದ್ರದ ಕಡೆಯಿಂದ ನೊಣವಿನಕೆರೆ ಹತ್ತಿರದ ಆ ಮನೆಗೆ ಸೊಸೆಯಾಗಿ ಬಂದು ಇನ್ನೂ ಬಹಳ ದಿನ ಆಗಿರಲಿಲ್ಲ. ಊರಲ್ಲಿ ಬೇರೆ ಯಾರಿಗೂ ಆ ಪದ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಮದುವೆಗೆ ಮುಂಚೆ ನಾನು ಹೊಲಿಗೆ ಕಲಿಯಲು ಹೋಗುತ್ತಿದ್ದೆ. ಹೊಲಿಗೆ ಮಿಷನ್ನಿನ ಮೇಲೆ ದಾರ ಹಾದುಹೋಗುವ ಕಡೆ ಒಂದು ಸಣ್ಣ ತಿರುಪು ಇರುತ್ತದೆ, ಅದಕ್ಕೆ ಟೆನ್ಷನ್ ಅನ್ನುತ್ತಿದ್ದರು. ಜಾಸ್ತಿ ತಿರುಗಿಸಿದರೆ ದಾರ ಕಿತ್ತುಹೋಗುತ್ತದೆ, ಸಡಿಲ ಬಿಟ್ಟರೆ ಹೊಲಿಗೆ ನಿಲ್ಲುವುದಿಲ್ಲ. ನಮಗೆ ಕಲಿಸುತ್ತಿದ್ದ ಹೆಂಗಸು, "ಮೊದ್ಲು ಟೆನ್ಷನ್ ಸರಿ ಮಾಡ್ಕೊಳ್ರೇ, ಆಮೇಲೆ ಬಟ್ಟೆ ಇಡಿ" ಅನ್ನುತ್ತಿದ್ದರು. ಅದೊಂದು ಒಳ್ಳೆಯ, ಕೆಲಸಕ್ಕೆ ಬರುವ ಪದವಾಗಿತ್ತು. ಇನ್ನೊಂದು ಕಡೆಯೂ ಅದನ್ನು ಕೇಳಿದ್ದೆ. ತವರಿನಲ್ಲಿ ನಮ್ಮ ಹೊಲದಾಚೆ ಹೈಟೆನ್ಷನ್ ಲೈನು ಹೋಗಿತ್ತು. ಅದರ ಕಂಬಕ್ಕೆ ತಲೆಬುರುಡೆ ಬರೆದ ತಗಡು ಹೊಡೆದು, ದನ ಕಾಯುವವರು ಯಾರೂ ಹತ್ತಿರ ಸುಳಿಯದ ಹಾಗೆ ಮಾಡಿದ್ದರು. ಮಾವನ ಟೆನ್ಷನ್ನು ಆ ಎರಡನೆಯ ಜಾತಿಯದು ಎಂದು ತಿಳಿಯಲು ನನಗೆ ಒಂದು ವಾರವೂ ಹಿಡಿಯಲಿಲ್ಲ.

ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹೊಡೆದು ರಕ್ತದೊತ್ತಡ ನೋಡಿ, "ಸ್ವಲ್ಪ ಟೆನ್ಷನ್ ಇದೆ, ಉಪ್ಪು ಕಮ್ಮಿ ಮಾಡಿ, ಯೋಚನೆ ಹಚ್ಕೋಬೇಡಿ" ಅಂದಿದ್ದರಂತೆ. ಇಷ್ಟೇ. ಈ ಎರಡು ಮಾತನ್ನು ಹಿಡಿದುಕೊಂಡು ಮಾವ ಒಂದು ರಾಜ್ಯವನ್ನೇ ಕಟ್ಟಿದರು.

ಮೊದಲು ಊರವರು ನೋಡಲು ಬಂದರು. ಹೊಸ ಕಾಯಿಲೆ, ಅದೂ ಇಂಗ್ಲಿಷ್ ಹೆಸರಿನದು. ಕೈಯಲ್ಲಿ ಬ್ರೆಡ್ಡು, ಮೋಸಂಬಿ ಹಿಡಿದು ಬಂದು, ಜಗುಲಿಯ ಕೆಳಗೆ ನಿಂತು, "ಹೆಂಗೈತೆ ಗೌಡ್ರೇ ಈಗ?" ಎಂದು ಕೇಳುವವರು. ಮಾವ ಕಣ್ಣು ಅರ್ಧ ಮುಚ್ಚಿ, "ಐತೆ ಕಣಪ್ಪ, ಒಳಗೇ ಐತೆ" ಅನ್ನುವವರು. ಬಂದವರಿಗೆಲ್ಲ ಕಾಫಿ ಕಾಯಿಸಿ ಕಾಯಿಸಿ ಅತ್ತೆಗೂ ನನಗೂ ಸೊಂಟ ಬಿದ್ದುಹೋಗುತ್ತಿತ್ತು.

ಅದಕ್ಕೆ ಮುಂಚೆ ನಮ್ಮ ಮನೆಯಲ್ಲಿ ಬೇರೆ ಮಾತುಗಳಿದ್ದವು. ಯೋಚ್ನೆ ಇತ್ತು, ದಿಗಿಲಿತ್ತು, ಪೇಚಾಟವಿತ್ತು, ಕಸಿವಿಸಿ ಇತ್ತು, ಸಂಕಟವಿತ್ತು. ಯಾರಾದರೂ "ಯಾಕೋ ದಿಗಿಲಾಯ್ತದೆ" ಅಂದರೆ "ಯಾಕೆ, ಏನಾಯ್ತು?" ಎಂದು ಕೇಳಬಹುದಾಗಿತ್ತು. ಹೇಳಿದವರು ಕಾರಣ ಹೇಳಬೇಕಾಗಿತ್ತು. ಹಸು ಹಾಲು ಕೊಡುತ್ತಿಲ್ಲ, ಮಗಳ ಕಾಗದ ಬಂದಿಲ್ಲ, ಅಟ್ಟದ ಕಾಯಿಗೆ ಇಲಿ ಹತ್ತಿದೆ. ಟೆನ್ಷನ್ನಿಗೆ ಕಾರಣ ಬೇಕಿರಲಿಲ್ಲ. ಕೇಳಿದರೆ ಅದು ಇನ್ನಷ್ಟು ಜಾಸ್ತಿಯಾಗುತ್ತಿತ್ತು. ಕೊಬ್ಬರಿ ದರ ಇಳಿದರೆ ಟೆನ್ಷನ್, ಏರಿದರೆ ಇನ್ನೂ ಏರುತ್ತೋ ಏನೋ ಎಂದು ಟೆನ್ಷನ್. ಪಾತ್ರೆ ಸದ್ದಾದರೆ ಟೆನ್ಷನ್ ಕೊಟ್ಟ ಹಾಗೆ, ಸದ್ದಿಲ್ಲದಿದ್ದರೆ ಮನೆಯಲ್ಲಿ ಯಾರೂ ಇಲ್ಲವೇನೋ ಎಂದು ಟೆನ್ಷನ್. ನನ್ನ ಗಂಡನಂತೂ ಅಪ್ಪನ ಎದುರು ತುಟಿ ಬಿಚ್ಚುವುದನ್ನೇ ಬಿಟ್ಟ. "ಸುಮ್ಕಿರೇ, ಅಪ್ಪಂಗೆ ಟೆನ್ಷನ್ ಆಯ್ತದೆ" ಎಂಬುದೇ ಅವನ ಬಾಯಿಪಾಠವಾಯಿತು. ಮದುವೆಯಾದ ಹೊಸದರಲ್ಲಿ ಗಂಡನ ಬಾಯಿಂದ ಕೇಳಬೇಕಾದ ಮಾತೇ ಅದು? ನನಗೆ ಮೈ ಉರಿಯುತ್ತಿತ್ತು.

ಆದರೆ ಇವೆಲ್ಲ ಬರೀ ಮಾತು. ಮಾತನ್ನು ಹೇಗೋ ನುಂಗಬಹುದು. ನುಂಗಲಾಗದೇ ಹೋದದ್ದು ಸಾರು.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಯಜಮಾನರ ತಟ್ಟೆಗೆ ಬೀಳದೇ ಇದ್ದದ್ದು ಬೇರೆಯವರ ತಟ್ಟೆಗೂ ಬೀಳಬಾರದು. ಮಾವ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಬಂದು ಕೂರುವವರೆಗೆ ಮಡಕೆಗೆ ಸೌಟು ಹಾಕುವಂತಿಲ್ಲ. ಅವರಿಗೆ ಬಡಿಸಿದ ಮಡಕೆಯಿಂದಲೇ ಉಳಿದವರಿಗೂ. ಒಂದು ಒಲೆಯ ಮೇಲೆ ಎರಡು ಸಾರು ಕುದಿಸುವುದೆಂದರೆ ಮನೆ ಪಾಲಾದ ಹಾಗೆ ಎಂದು ಅವರ ನಂಬಿಕೆ. ಮಾವ ತಮ್ಮ ಅಣ್ಣನಿಂದ ಬೇರೆಯಾಗಿದ್ದು ಹಾಗೆಯೇ ಅಂತೆ. ಆಗಿನ ಇಬ್ಬರು ಸೊಸೆಯರು, ಅಂದರೆ ಅತ್ತೆ ಮತ್ತು ಅವರ ಓರಗಿತ್ತಿ, ಬೇರೆ ಬೇರೆ ಸಾರು ಮಾಡಿಕೊಂಡ ಮಾರನೆಯ ದಿನವೇ ಪಂಚಾಯ್ತಿ ಕೂತು ತೋಟ ಎರಡು ಭಾಗವಾಯಿತಂತೆ. ಹಾಗಾಗಿ ಡಾಕ್ಟರು ಮಾವನಿಗೆ ಹೇಳಿದ "ಉಪ್ಪು ಕಮ್ಮಿ" ನಮ್ಮೆಲ್ಲರಿಗೂ ಹೇಳಿದ್ದಾಯಿತು. ಮಾವನ ಬಾಯಲ್ಲಿ ಆ ಕಮ್ಮಿ ಎರಡೇ ದಿನಕ್ಕೆ "ಬ್ಯಾಡವೇ ಬ್ಯಾಡ" ಆಯಿತು. ತಟ್ಟೆಯ ಅಂಚಿಗೆ ನಾಲ್ಕು ಹರಳು ಹಾಕಿಕೊಳ್ಳೋಣ ಎಂದರೆ, "ಉಪ್ಪು ಕಂಡ್ರೇನೇ ನಂಗೆ ಟೆನ್ಷನ್ ಆಯ್ತದೆ, ಅದನ್ನ ಒಳಗೆ ಇಡಬ್ಯಾಡ್ರಿ" ಅಂದರು. ಅತ್ತೆ ಉಪ್ಪಿನ ಗಡಿಗೆ ಎತ್ತಿಕೊಂಡು ಹೋಗಿ ಕೊಟ್ಟಿಗೆಯಲ್ಲಿ ಇಟ್ಟು ಬಂದರು.

ಉಪ್ಪಿಲ್ಲದ ಅವರೆಕಾಳು ಸಾರು ಹೇಗಿರುತ್ತದೆ ಎಂದು ತಿಂದವರಿಗೇ ಗೊತ್ತು. ಬಿಸಿ ಮುದ್ದೆಯನ್ನು ಅದರಲ್ಲಿ ಅದ್ದಿ ಬಾಯಿಗಿಟ್ಟರೆ ಮಣ್ಣಿನ ಹೆಂಟೆ ಇಟ್ಟಂತಾಗುತ್ತಿತ್ತು. ಹುಳಿ ಬೇರೆ ನಿಲ್ಲುತ್ತಿತ್ತು, ಖಾರ ಬೇರೆ ನಿಲ್ಲುತ್ತಿತ್ತು, ಒಂದಕ್ಕೊಂದು ಮಾತೇ ಆಡುತ್ತಿರಲಿಲ್ಲ. ನನಗೆ ವಾಕರಿಕೆ ಬರುತ್ತಿತ್ತು. ನಾನು ಬಸುರಿಯಾಗಿದ್ದೇನೆ ಎಂದುಕೊಂಡು ಅಕ್ಕಪಕ್ಕದವರು ಮುಸಿಮುಸಿ ನಕ್ಕರು.

ಇನ್ನೊಂದು ಕಡೆ ನೋಡಿ. ತೆಂಗಿನ ಸಸಿ ನೆಡುವ ಗುಂಡಿಗೆ ಹಾಕಲು ಮೂಟೆಗಟ್ಟಲೆ ಉಪ್ಪು ಪಡಸಾಲೆಯ ಮೂಲೆಯಲ್ಲಿ ಬಂದು ಬಿದ್ದಿತ್ತು. ನಮ್ಮ ಕಡೆ ತೆಂಗಿಗೆ ಉಪ್ಪು ಕೊಡುವುದು ವಾಡಿಕೆ. ಆ ಮೂಟೆ ಕಂಡರೆ ಮಾತ್ರ ಮಾವನಿಗೆ ಏನೂ ಆಗುತ್ತಿರಲಿಲ್ಲ. ದನಗಳ ಕಲಗಚ್ಚಿಗೆ ದಿನಾ ಒಂದು ಹಿಡಿ ಉಪ್ಪು. ಮಾವನೇ ನಿಂತು, "ಎಮ್ಮೆಗೆ ಉಪ್ಪು ಹಾಕಿದ್ರೇನ್ರೇ? ಹಾಲು ಕಮ್ಮಿ ಮಾಡ್ಬುಟ್ಟಾತು" ಎಂದು ವಿಚಾರಿಸುತ್ತಿದ್ದರು. ಗಿಡಕ್ಕೆ ಉಪ್ಪು, ಎಮ್ಮೆಗೆ ಉಪ್ಪು. ಆ ಗಿಡವನ್ನೂ ಆ ಎಮ್ಮೆಯನ್ನೂ ನೋಡಿಕೊಳ್ಳುವ ಇಬ್ಬರು ಹೆಂಗಸರಿಗೆ ಮಾತ್ರ ಇಲ್ಲ. ಇದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲವಲ್ಲ ಎಂಬುದೇ ನನಗೆ ಎಲ್ಲಕ್ಕಿಂತ ಅಸಹ್ಯ.

ನಾನೇನು ಸುಮ್ಮನೆ ಇರಲಿಲ್ಲ. ಸಗಣಿ ಬಾಚಲು ಹೋದಾಗ ಗಡಿಗೆಯ ಮುಚ್ಚಳ ತೆಗೆದು ನಾಲ್ಕು ಹರಳು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಅದನ್ನು ಚಪ್ಪರಿಸುತ್ತಾ ಎಮ್ಮೆಯ ಮುಖ ನೋಡುತ್ತಿದ್ದೆ, ಅದು ನನ್ನ ಮುಖ ನೋಡುತ್ತಿತ್ತು. ಒಂದು ದಿನ ಅತ್ತೆಯನ್ನೂ ಕೊಟ್ಟಿಗೆಗೆ ಕರೆದು, ಅಂಗೈಯಲ್ಲಿ ಉಪ್ಪು ಹಿಡಿದು, "ತಗೊಳಿ ಅತ್ತೆಮ್ಮ, ಯಾರೂ ಇಲ್ಲ" ಅಂದೆ.

ಅತ್ತೆ ಹಿಂದಕ್ಕೆ ಸರಿದರು. "ಬ್ಯಾಡ ಕಣವ್ವ. ಅವರ ತಟ್ಟೇಲಿ ಇಲ್ಲದ್ದು ನನ್ನ ಬಾಯಲ್ಲಿ ಇದ್ರೆ ಅದು ಕಳ್ಳತನ."

"ನಾನು ತಿಂತಾ ಇದೀನಲ್ಲ."

"ನೀನು ಸಣ್ಣೋಳು, ತಿನ್ನು. ನಾನು ನೋಡ್ಲಿಲ್ಲ ಬುಡು."

ಸೆರಗಿನಿಂದ ಮುಖ ಒರೆಸಿಕೊಂಡು ಹೊರಟುಹೋದರು. ಅತ್ತೆ ಜೋರಿನ ಹೆಂಗಸೇನಲ್ಲ, ಹಾಗೆಂದು ಮೆತ್ತಗಿನವರೂ ಅಲ್ಲ. ಕೆಲಸದಲ್ಲಿ ನನ್ನನ್ನು ಹಣ್ಣುಗಾಯಿ ನೀರುಗಾಯಿ ಮಾಡುತ್ತಿದ್ದರು. ಆದರೆ ಗಂಡನ ವಿಷಯ ಬಂದರೆ ಅವರ ಬಾಯಿಗೆ ಯಾರೋ ಬೀಗ ಜಡಿದಿದ್ದರು.

ಬೇಸಿಗೆ ಬಂತು. ಕೊಬ್ಬರಿ ಒಡೆಯುವ ಕಾಲ. ಹೋದ ವರ್ಷ ಅಟ್ಟಕ್ಕೆ ಹಾಕಿದ ಕಾಯಿಗಳ ನೀರು ಬತ್ತಿ, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಉಂಡೆ ಲೊಟಲೊಟ ಅನ್ನುತ್ತಿತ್ತು. ಅಟ್ಟ ಹತ್ತಿ ಕಾಯಿ ಇಳಿಸಬೇಕು, ಸಿಪ್ಪೆ ಸುಲಿಸಬೇಕು, ಅಂಗಳದಲ್ಲಿ ಹೆಂಗಸರು ಸಾಲಾಗಿ ಕೂತು ಮಚ್ಚಿನಿಂದ ಚಿಪ್ಪು ಒಡೆದು ಉಂಡೆಗೆ ಏಟು ಬೀಳದ ಹಾಗೆ ಬಿಡಿಸಬೇಕು. ಕೆಟ್ಟ ಕಾಯಿ ಒಂದು ಸಿಕ್ಕರೆ ಅದರ ಕಮಟು ವಾಸನೆ ಮೂಗಿಗೆ ಅಂಟಿ ಸಾಯಂಕಾಲದ ತನಕ ಬಿಡುತ್ತಿರಲಿಲ್ಲ. ಅತ್ತೆ ಬೆಳಗಿನಿಂದ ಬಿಸಿಲಲ್ಲಿ ಕೂತು ಒಡೆಯುತ್ತಿದ್ದರು. ಬೆವರು ಹರಿದು ರವಿಕೆ ಒಣಗಿದ ಮೇಲೆ ಬೆನ್ನ ಮೇಲೆ ಬಿಳಿ ಗೆರೆ ಮೂಡುತ್ತಿತ್ತು. ಮೈಯಲ್ಲಿದ್ದ ಉಪ್ಪೆಲ್ಲ ಹೊರಗೆ ಬಂದು ಕೂತಿತ್ತು, ಒಳಗೆ ಹೋಗುವುದೇನೂ ಇರಲಿಲ್ಲ.

ಮೊದಲು ಮೀನಖಂಡ ಸೆಳೆಯಲು ಶುರುವಾಯಿತು. ಮಲಗಿದಲ್ಲೇ ಕಾಲು ಹಿಡಿದುಕೊಂಡು ಹಲ್ಲು ಕಚ್ಚುತ್ತಿದ್ದರು. ನಾನು ಎಣ್ಣೆ ತಿಕ್ಕಲು ಹೋದರೆ, "ಸದ್ದು ಮಾಡಬ್ಯಾಡ, ನಿಮ್ಮ ಮಾವ ಎದ್ದಾರು" ಅನ್ನುವವರು. ಆಮೇಲೆ ತಿಂದದ್ದು ನಿಲ್ಲದಾಯಿತು. ಹಿತ್ತಲಿಗೆ ಹೋಗಿ ವಾಂತಿ ಮಾಡಿ, ಬಾಯಿ ತೊಳೆದುಕೊಂಡು ಮತ್ತೆ ಮಚ್ಚು ಹಿಡಿಯುತ್ತಿದ್ದರು.

"ಡಾಕ್ಟರಿಗೆ ತೋರ್ಸೋಣ ಅತ್ತೆಮ್ಮ" ಅಂದೆ.

"ಒಂದು ಮನೇಲಿ ಇಬ್ರಿಗೆ ಕಾಯ್ಲೆ ಅಂದ್ರೆ ಅವ್ರಿಗೆ ಎಷ್ಟು ಟೆನ್ಷನ್ ಆಯ್ತದೆ ಕಣೇ. ಕೊಬ್ಬರಿ ಮುಗೀಲಿ."

ಆ ಪದವನ್ನು ಅತ್ತೆಯ ಬಾಯಿಂದ ನಾನು ಕೇಳುತ್ತಿದ್ದದ್ದು ಹೀಗೇ. ಟೆನ್ಷನ್ ಆಗುವುದು ಯಾವತ್ತೂ ಮಾವನಿಗೆ, ಗಂಡಸರಿಗೆ. ನಮಗೆ ಅದು ಆಗುತ್ತಿರಲಿಲ್ಲ. ನಮ್ಮದೇನಿದ್ದರೂ ಅದನ್ನು ಕೊಡುವ ಕೆಲಸ.

ಮಂಡಿಯ ದಿನ ಮಾವ ಬಿಳಿ ಪಂಚೆ ಉಟ್ಟು ಮೊದಲ ಬಸ್ಸಿಗೆ ತಿಪಟೂರಿಗೆ ಹೋದರು. ಅವರು ಆ ಕಡೆ ಹೋಗಿ ಸ್ವಲ್ಪ ಹೊತ್ತಿಗೆ ಅತ್ತೆ ಅಟ್ಟದಿಂದ ಕಾಯಿ ಇಳಿಸಲು ಏಣಿ ಹತ್ತಿದರು. ನಾನು ಕೆಳಗೆ ಮಂಕರಿ ಹಿಡಿದು ನಿಂತಿದ್ದೆ. ಮೇಲೆ ಕಾಯಿ ಉರುಳಿದ ಸದ್ದು ಕೇಳಿತು, ಆಮೇಲೆ ಏನೂ ಕೇಳಲಿಲ್ಲ. ಹತ್ತಿ ನೋಡಿದರೆ ಕಾಯಿಯ ರಾಶಿಯ ಮೇಲೆ ಮಗ್ಗುಲಾಗಿ ಬಿದ್ದಿದ್ದಾರೆ, ಕಣ್ಣು ತೇಲಿಸಿದ್ದಾರೆ, ಕೂಗಿದರೆ ಗುರುತಿಲ್ಲ. ಒಂದು ಅಡಿ ಈಚೆ ಬಿದ್ದಿದ್ದರೆ ಅಟ್ಟದ ಬಾಯಿಂದ ಕೆಳಗೆ ಬರುತ್ತಿದ್ದರು.

ನನ್ನ ಕೂಗಿಗೆ ಗಂಡ ಓಡಿಬಂದ. "ಅಪ್ಪಂಗೆ ಗೊತ್ತಾದ್ರೆ..." ಎಂದು ಶುರು ಮಾಡಿದ. "ನಿಮ್ಮಪ್ಪನ ಟೆನ್ಷನ್ ಮಾತು ಇನ್ನೊಂದ್ಸಲ ಎತ್ತಿದ್ರೆ ಈ ಮಂಕರಿ ನಿನ್ನ ತಲೆ ಮೇಲೆ ಹಾಕ್ತೀನಿ" ಅಂದೆ. ಗಂಡನನ್ನು ಏಕವಚನದಲ್ಲಿ ಬೈದದ್ದು ಅದೇ ಮೊದಲು. ಅತ್ತೆಯನ್ನು ಹೇಗೋ ಕೆಳಗಿಳಿಸಿ ಅವನು ಗಾಡಿ ಕಟ್ಟಿದ. ರಸ್ತೆಗೆ ಬಂದು ಬಸ್ಸು ಹಿಡಿದು, ಇಬ್ಬರೂ ಸೇರಿ ಅತ್ತೆಯನ್ನು ಅದೇ ಡಾಕ್ಟರ ಹತ್ತಿರ ತಂದೆವು.

ಡಾಕ್ಟರು ಅದೇ ಪಟ್ಟಿಯನ್ನು ಅತ್ತೆಯ ತೋಳಿಗೆ ಸುತ್ತಿದರು. ಬಳೆಗಳ ಮೇಲೆ ಒಣಕಲು ತೋಳು. ಎರಡು ಸಲ ಗಾಳಿ ಹೊಡೆದು ನೋಡಿ, ಮುಖ ಗಂಟಿಕ್ಕಿ, "ಏನು ತಿಂತಾ ಇದಾರೆ ಇವರು?" ಎಂದು ಕೇಳಿದರು. ನಾನು ಎಲ್ಲ ಹೇಳಿದೆ. ಅವರು ಪಟ್ಟಿ ಬಿಚ್ಚಿ ಪಕ್ಕಕ್ಕಿಟ್ಟರು.

"ಉಪ್ಪು ಕಮ್ಮಿ ಮಾಡಿ ಅಂತ ನಾನು ಹೇಳಿದ್ದು ನಿಮ್ಮ ಮಾವನಿಗಲ್ಲೇನಮ್ಮ? ಬಿಸಿಲಲ್ಲಿ ದುಡಿಯೋ ಹೆಂಗಸಿಗೆ ಉಪ್ಪು ಬಿಡಿಸಿದ್ದೀರಲ್ಲ. ಇನ್ನೆರಡು ದಿನ ಬಿಟ್ಟು ಬಂದಿದ್ರೆ ಕಷ್ಟ ಇತ್ತು."

"ಮಾವನೋರ ಟೆನ್ಷನ್ನು?"

"ಸ್ವಲ್ಪ ಇತ್ತು. ತಿಂಗಳು ಬಿಟ್ಟು ತೋರಿಸಿ ಅಂದಿದ್ದೆ. ಬರಲೇ ಇಲ್ಲವಲ್ಲ."

ಬರುವುದು ಯಾಕೆ? ಬಂದು, ಡಾಕ್ಟರು "ಈಗೇನೂ ಇಲ್ಲ" ಎಂದುಬಿಟ್ಟರೆ?

ಅತ್ತೆಗೆ ಬಾಟ್ಲಿ ಏರಿಸಿದರು. ಗ್ಲೂಕೋಸೇ ಎಂದು ನರ್ಸನ್ನು ಕೇಳಿದೆ. "ಉಪ್ಪುನೀರಮ್ಮ" ಅಂದಳು. ಬಾಯಿಗೆ ನಿಷೇಧವಾಗಿದ್ದದ್ದು ಸೂಜಿಯಲ್ಲಿ ಒಂದೊಂದೇ ಹನಿ ಒಳಗೆ ಹೋಗುತ್ತಿತ್ತು. ಗಂಡನನ್ನು ಅಲ್ಲಿ ಕೂರಿಸಿ, ಡಾಕ್ಟರು ಬರೆದುಕೊಟ್ಟ ಮಾತ್ರೆ ತರಲು ನಾನು ಹೊರಗೆ ಬಂದೆ. ಔಷಧಿ ಅಂಗಡಿಯ ಪಕ್ಕದಲ್ಲೇ ಒಂದು ಹೋಟೆಲು. ಬಾಗಿಲಿಗೆ ನೇರವಾಗಿರುವ ಮೇಜಿನಲ್ಲಿ ಮಾವ ಕೂತಿದ್ದರು.

ಅವರ ಮುಂದೆ ತಟ್ಟೆಯಲ್ಲಿ ಮೆಣಸಿನಕಾಯಿ ಬೋಂಡ. ತಟ್ಟೆಯ ಅಂಚಲ್ಲಿ ಕೆಂಪಗೆ ಉಪ್ಪಿನಕಾಯಿ. ಮಾಣಿ ಬಂದು ಕೇಳದೆಯೇ ಇನ್ನೊಂದು ಚಮಚ ಉಪ್ಪಿನಕಾಯಿ ಹಾಕಿ ಹೋದ. ಇದು ಇವತ್ತಿನ ಅಭ್ಯಾಸ ಅಲ್ಲ ಎಂದು ಹೇಳಲು ಅಷ್ಟು ಸಾಕಾಗಿತ್ತು. ಮಾವ ಬೋಂಡ ಮುರಿದು, ಉಪ್ಪಿನಕಾಯಿಗೆ ಒತ್ತಿ, ಕಣ್ಣು ಮುಚ್ಚಿಕೊಂಡು ಅಗಿಯುತ್ತಿದ್ದರು. ಗಡ್ಡದ ಮೇಲೆ ಎಣ್ಣೆ ಹೊಳೆಯುತ್ತಿತ್ತು. ಸುಳ್ಳು ಹೇಳುವುದಿಲ್ಲ, ಕೊಳೆತ ಕೊಬ್ಬರಿ ಮೂಸಿದಾಗಲೂ ನನಗೆ ಅಷ್ಟು ಹೇಸಿಗೆ ಆಗಿರಲಿಲ್ಲ.

ನಮ್ಮ ಕಡೆ ಆಗ ಹೆಂಗಸರು ಒಬ್ಬರೇ ಹೋಟೆಲಿನ ಒಳಗೆ ಹೋಗುತ್ತಿರಲಿಲ್ಲ. ಸೊಸೆಯಾದವಳು ಮಾವನ ಎದುರು ನಿಂತು ಮಾತಾಡುತ್ತಲೂ ಇರಲಿಲ್ಲ. ನಾನು ಹೋಗಿ ಮೇಜಿನ ಮುಂದೆ ನಿಂತೆ.

"ಅತ್ತೆಮ್ಮ ಆಸ್ಪತ್ರೇಲಿ ಇದಾರೆ. ಅಟ್ಟದ ಮೇಲೆ ಬಿದ್ದುಬಿಟ್ಟಿದ್ರು. ಮೈಯಲ್ಲಿ ಉಪ್ಪಿಲ್ವಂತೆ."

ಮಾವ ನನ್ನನ್ನು ನೋಡಿದರು, ತಟ್ಟೆಯನ್ನು ನೋಡಿದರು. ಒಂದು ಕೈ ತಟ್ಟೆಗೆ ಅಡ್ಡ ಬಂತು. ಆಮೇಲೆ ಅದೇ ಕೈ ಎದೆಯ ಮೇಲೆ ಹೋಯಿತು.

"ತಿನ್ನೋ ಹೊತ್ನಲ್ಲಿ ಇಂಗೆಲ್ಲಾ ಹೇಳಿ ಟೆನ್ಷನ್ ಕೊಡಬ್ಯಾಡ ಕಣವ್ವ" ಅಂದರು. "ನಡಿ, ಬತ್ತೀನಿ."

ಉಳಿದ ಬೋಂಡ ತಿಂದು, ಕಾಫಿ ಕುಡಿದು ಬಂದರು. ನಾನು ಮಾತ್ರೆ ತಗೊಂಡು ಆಸ್ಪತ್ರೆಗೆ ವಾಪಸು ಬಂದು ಎಷ್ಟೋ ಹೊತ್ತಾದ ಮೇಲೆ ಬಂದರು.

ಅತ್ತೆಯನ್ನು ಮನೆಗೆ ಕರೆತಂದ ಮೇಲೆ ಮತ್ತೆ ಊರವರು ನೋಡಲು ಬಂದರು. ಬ್ರೆಡ್ಡು, ಮೋಸಂಬಿ. ಅತ್ತೆ ಒಳಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದ್ದರು. ಬಂದವರಲ್ಲಿ ಹೆಚ್ಚಿನವರು ಜಗುಲಿ ದಾಟಲಿಲ್ಲ. ಅಲ್ಲೇ ಕೂತು, ಮಾವನ ಕೈಗೆ ಹಣ್ಣು ಕೊಟ್ಟು, "ಮೊದ್ಲೇ ನಿಮಗೆ ಟೆನ್ಷನ್, ಅದರ ಮೇಲೆ ಇದೊಂದು. ಹೆಂಗೆ ತಡ್ಕೊಂಡ್ರಿ ಗೌಡ್ರೇ?" ಎಂದು ಕೇಳಿದರು. ಮಾವ ನಿಟ್ಟುಸಿರು ಬಿಟ್ಟು, "ಏನ್ ಮಾಡೋದಪ್ಪ, ಎಲ್ಲಾ ನನ್ನ ತಲೆ ಮ್ಯಾಲೇ" ಅಂದರು. ಬಾಗಿಲ ಸಂದಿಯಿಂದ ಇದನ್ನು ಕೇಳುತ್ತಾ ನಿಂತಿದ್ದ ನನಗೆ ಯಾರ ಮೇಲೆ ಹೆಚ್ಚು ಹೇಸಿಗೆ ಎಂದು ಹೇಳಲಾಗಲಿಲ್ಲ. ಮಾವನ ಮೇಲೋ, ಆ ಬ್ರೆಡ್ಡಿನವರ ಮೇಲೋ, ಒಳಗಿಂದ ಸಣ್ಣ ದನಿಯಲ್ಲಿ "ನಿಮ್ಮ ಮಾವಂಗೆ ಹಾಲು ಕೊಟ್ಯೇನೇ? ಸುಸ್ತಾಗಿರ್ತಾರೆ" ಅನ್ನುತ್ತಿದ್ದ ಅತ್ತೆಯ ಮೇಲೋ.

ನಾನು ಹಾಲು ಕೊಡಲಿಲ್ಲ. ನೇರ ಕೊಟ್ಟಿಗೆಗೆ ಹೋಗಿ ಉಪ್ಪಿನ ಗಡಿಗೆ ಎತ್ತಿಕೊಂಡೆ. ಹಿಂಬಾಗಿಲಿನಿಂದ ಬರಬಹುದಾಗಿತ್ತು. ಬೇಕೆಂದೇ ಸುತ್ತಿಕೊಂಡು ಬಂದು, ಜಗುಲಿಯ ಮೇಲೆ ಕೂತಿದ್ದವರೆಲ್ಲರ ಮುಂದೆ, ಮಾವನ ಕಾಲಿನ ಪಕ್ಕದಲ್ಲೇ ಹಾದು, ಅಡುಗೆಮನೆಗೆ ಹೋದೆ. ಅದರ ತಳಕ್ಕೆ ಸಗಣಿ ಮೆತ್ತಿತ್ತು. ತೊಳೆದು ಒಲೆಯ ಪಕ್ಕ ಅದರ ಹಳೆಯ ಜಾಗದಲ್ಲಿ ಇಟ್ಟೆ. ಆ ದಿನದ ಸಾರಿಗೆ ಧಾರಾಳವಾಗಿ ಉಪ್ಪು ಹಾಕಿದೆ.

ಪದ್ಧತಿಯ ಪ್ರಕಾರ ಮೊದಲು ಮಾವನಿಗೇ ಬಡಿಸಿದೆ. ನನ್ನ ಗಂಡ ಗೋಡೆಗೆ ಅಂಟಿಕೊಂಡು ನಿಂತಿದ್ದ, ತಟ್ಟೆ ಹಾರಿ ಬರುತ್ತದೆ ಎಂದುಕೊಂಡಿದ್ದನೋ ಏನೋ. ಮಾವ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟರು. ನುಂಗಿದರು. ತಲೆ ಎತ್ತಲಿಲ್ಲ. ಎರಡನೆಯ ಸಲ ಸಾರು ಕೇಳಿದರು, ಹಾಕಿದೆ. ಅದನ್ನೂ ಉಂಡು, ಕೈ ತೊಳೆದು, ಟವಲು ಹೆಗಲಿಗೆ ಹಾಕಿಕೊಂಡು ಜಗುಲಿಗೆ ಹೋದರು. ಅಷ್ಟೇ. ಇಷ್ಟು ದಿನ ನಮ್ಮನ್ನೆಲ್ಲ ಹಿಡಿದಿಟ್ಟದ್ದು ಒಂದು ಊಟದಲ್ಲಿ ಮುಗಿದುಹೋಯಿತು. ಅದು ಅಷ್ಟು ಸಲೀಸಾಗಿ ಮುಗಿಯಿತಲ್ಲ ಎಂದು ನನಗೆ ಮತ್ತಷ್ಟು ಸಿಟ್ಟು ಬಂತು. ಉಪ್ಪಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಟೆನ್ಷನ್ ಮಾತ್ರ ಮನೆ ಬಿಟ್ಟು ಹೋಗಲಿಲ್ಲ. ಮಾವನಿಂದ ನನ್ನ ಗಂಡನಿಗೆ ಬಂತು, ಅವನಿಂದ ಮಕ್ಕಳಿಗೆ. ಈಗ ಊರಿನ ಹೈಸ್ಕೂಲು ಹುಡುಗರೂ ಅದನ್ನು ಬಾಯಲ್ಲಿ ಎಲೆಅಡಿಕೆಯ ಹಾಗೆ ಹಾಕಿಕೊಂಡು ತಿರುಗುತ್ತಾರೆ. ಆ ಪದ ಕಿವಿಗೆ ಬಿದ್ದರೆ ನನಗೆ ಆ ಗಡ್ಡದ ಮೇಲಿನ ಎಣ್ಣೆ ಕಾಣುತ್ತದೆ.

ಆ ದಿನ ಮಾವ ಎದ್ದು ಹೋದ ಮೇಲೆ ಅತ್ತೆಗೆ ಗಂಜಿ ತೆಗೆದುಕೊಂಡು ಹೋದೆ, ಪಕ್ಕದಲ್ಲಿ ಬಟ್ಟಲಿಗೆ ಉಪ್ಪು ಹಾಕಿಕೊಂಡು. ಎಬ್ಬಿಸಿ ಗೋಡೆಗೆ ಒರಗಿಸಿದೆ. ಅತ್ತೆ ಉಪ್ಪು ನೋಡಿದರು. ಬೆರಳು ಬಟ್ಟಲಿನ ಹತ್ತಿರ ಹೋಗಿ ನಿಂತಿತು. ಅವರು ಬಾಗಿಲ ಕಡೆ ನೋಡಿದರು.

"ಅವರೂ ಉಪ್ಪು ಹಾಕಿದ ಸಾರೇ ಉಂಡ್ರು ಅತ್ತೆಮ್ಮ. ಎರಡು ಸಲ ಹಾಕಿಸ್ಕೊಂಡ್ರು" ಅಂದೆ. ಹೋಟೆಲಿನ ಮಾತು ಹೇಳಲಿಲ್ಲ. ಹೇಳಿದ್ದರೂ ನಂಬುತ್ತಿರಲಿಲ್ಲ.

ನಾಲ್ಕೇ ಹರಳು ಹಾಕಿಕೊಂಡು ಕಲಸಿ ಕುಡಿದರು. ಕುಡಿಯುವಾಗ ಕಣ್ಣಲ್ಲಿ ನೀರು ಬಂತು. "ಉಪ್ಪು ಜಾಸ್ತಿ ಆಯ್ತು ಕಣೇ" ಅಂದರು.

ಎಂಬತ್ತರ ದಶಕ ಮುಗಿಯುವ ಮೊದಲೇ ಮಾವ ತೀರಿಕೊಂಡರು. ಅತ್ತೆ ಅದಾದ ಮೇಲೂ ಬಹಳ ವರ್ಷ ಇದ್ದರು. ನಾನೇ ಬಡಿಸುತ್ತಿದ್ದೆ. ಮಜ್ಜಿಗೆ ಅನ್ನಕ್ಕೆ ಉಪ್ಪು ಸಾಲದಿದ್ದರೆ ಕೈ ಬಟ್ಟಲಿಗೆ ಹೋಗುತ್ತಿತ್ತು, ಅಲ್ಲೇ ನಿಲ್ಲುತ್ತಿತ್ತು, ಮುಖ ಬಾಗಿಲ ಕಡೆ ತಿರುಗುತ್ತಿತ್ತು. ಜಗುಲಿ ಖಾಲಿ ಇರುತ್ತಿತ್ತು.

"ಯಾರೂ ಇಲ್ಲ, ಹಾಕ್ಕೊಳಿ ಅತ್ತೆಮ್ಮ" ಅನ್ನುತ್ತಿದ್ದೆ. ಆಮೇಲೆ ಹಾಕಿಕೊಳ್ಳುತ್ತಿದ್ದರು.